ಊರ ಹಳೆಯ ಕಟ್ಟಡಗಳಿಗೆ ಯಾರು ದಿಕ್ಕು?

ಸೋಲಾಪುರದಿಂದ ವಿಜಾಪುರಕ್ಕೆ ಹೋಗುವ ಹೆದ್ದಾರಿಯ ನಡುದಾರಿಯಲ್ಲಿ ಝಳಕಿ ಬರುವದು. ಇಂಡಿಗೆ ಹೋಗುವವರೂ ಚಡಚಣಕ್ಕೆ ಹೋಗುವವರೂ ಇಲ್ಲಿ ಇಳಿದು ಬಸ್ಸು ಬದಲಿಸುವರು. ಮುಂಬಯಿ, ಪುಣೆಗಳಿಂದ ಗೋಳಗುಮ್ಮಟವನ್ನು ನೋಡಲೆಂದು ಬರುವವರ ಕಾರುಗಳು ಚಹಕ್ಕೆಂದು ಇಲ್ಲಿ ತುಸು ಹೊತ್ತು ನಿಲ್ಲುತ್ತವೆ. ಚಹ ಕುಡಿಯುತ್ತ ಅವರು ಕೇಳುವ ಪ್ರಶ್ನೆ ಒಂದೇ: ವಿಜಾಪುರ ಇನ್ನೆಷ್ಟು ದೂರ? ಇಲ್ಲಿ ನೋಡತಕ್ಕದ್ದು ಏನಾದರೂ ಉಂಟೇ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಎರಡು ವರ್ಷದ ಹಿಂದೆ ಯಾರಾದರೂ ಹಾಗೆ ಕೇಳಿದ್ದರೆ, ಇತಿಹಾಸವನ್ನು ಮುಖ್ಯ ವಿಷಯವನ್ನಾಗಿ ಆರಿಸಿಕೊಂಡ ನಾನೇ "ಇಲ್ಲೇನದ, ಕಲ್ಲು ಮಣ್ಣು" ಎಂದು ಹೇಳಿ ಕಳಿಸುತ್ತಿದ್ದೆ.

ಆ ಕಲ್ಲು ಮಣ್ಣಿನ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ನಮ್ಮ ಸೀಮೆಯ ಯಾವ ಊರಿಗೇ ಹೋಗಿರಿ, ಹಳೆಯದೊಂದು ಕಣ್ಣಿಗೆ ಬೀಳದೆ ಇರದು. ಊರು ಹೊಗುವಲ್ಲಿ ಅಗಸಿ. ಬಾಗಿಲು ಹೋಗಿದ್ದರೂ ಅದರ ಕಮಾನು ನಿಂತಿರುತ್ತದೆ. ಪೆಂಢಾರಿಗಳ, ಕಳ್ಳಕಾಕರ ಹೆದರಿಕೆಯಿದ್ದ ಕಾಲಕ್ಕೆ ಕಾವಲು ಕೂಡಲೆಂದು ಕಟ್ಟಿದ ದುಂಡನೆಯ ಹುಡೇವು. ಮೆಟ್ಟಿಲಿಳಿದು ನೀರು ತುಂಬುವ ಕಲ್ಲುಕಟ್ಟಡದ ಬಾವಿ. ಊರ ಹೊರಗೆ ಬೇವಿನ ಮರದ ಬುಡದಲ್ಲಿ ವೀರಗಲ್ಲು. ಅದಕ್ಕೆ ಅಮಾವಾಸ್ಯೆಗೊಮ್ಮೆ ಎಣ್ಣೆ, ಕುಂಕುಮ. ದೇಸಾಯರದೋ ಗೌಡರದೋ ವಾಡೆ. ಒಂದು ಮಠ, ಒಂದು ದರ್ಗಾ. ಇವೆಲ್ಲಕ್ಕೂ ಹಿರಿಯದಾಗಿ ಕರಿಕಲ್ಲಿನ ಗುಡಿಯೊಂದು. ಅದರ ಕಂಬಗಳು ತಿರುಗಣಿಯಲ್ಲಿ ಕಡೆದಂತೆ ನುಣುಪು. ಯಾರು ಕಟ್ಟಿಸಿದರೆಂದು ಕೇಳಿದರೆ "ಪಾಂಡವರು" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಪಾಂಡವರು ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಗುಡಿಗಳನ್ನು ಕಟ್ಟಿಸುತ್ತ ನಿಂತಿದ್ದರೆ ಅವರ ವನವಾಸ ಹನ್ನೆರಡು ವರ್ಷಕ್ಕೆ ಮುಗಿಯುತ್ತಿರಲಿಲ್ಲ.

ಝಳಕಿಗೆ ಹತ್ತಿರದ ಒಂದೂರಿನಲ್ಲಿ (ಹೆಸರು ಬೇಡ, ಆ ಊರವರು ನಮ್ಮನ್ನು ಕರೆದು ಉಣಬಡಿಸಿದವರು) ಬಾವಿಯ ಬದಿಯಲ್ಲಿ ಒಂದು ಕಲ್ಲು ಮಲಗಿತ್ತು. ಹೆಂಗಸರು ಅದರ ಮೇಲೆ ಅರಿವೆ ಒಗೆಯುತ್ತಿದ್ದರು. ಕಲ್ಲಿನ ಮೇಲ್ತುದಿಯಲ್ಲಿ ಸೂರ್ಯಚಂದ್ರರು, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು. ಕೆಳಗೆ ಹಳಗನ್ನಡ ಅಕ್ಷರಗಳ ಸಾಲುಗಳು. ನಮ್ಮ ಅಧ್ಯಾಪಕರು ವರ್ಗದಲ್ಲಿ ಶಾಸನದ ಅಚ್ಚು ತೆಗೆಯುವ ಬಗೆಯನ್ನು ಹೇಳಿಕೊಟ್ಟಿದ್ದರು. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಹಾಸಿ, ಅಕ್ಷರದ ತಗ್ಗಿನಲ್ಲಿ ಕೂಡುವಂತೆ ಕುಂಚದಿಂದ ಹದವಾಗಿ ಬಡಿದು, ತುಸು ಆರಿದ ಮೇಲೆ ಮಸಿಯ ಗುದ್ದುಗೆಯಿಂದ ತಟ್ಟಬೇಕು. ಅಕ್ಷರ ಬೆಳ್ಳಗೆ ಉಳಿದು ಉಳಿದದ್ದೆಲ್ಲ ಕಪ್ಪಾಗುವದು. ಅಂದು ನಮ್ಮ ಹತ್ತಿರ ಕಾಗದವೂ ಇರಲಿಲ್ಲ, ಮಸಿಯೂ ಇರಲಿಲ್ಲ. ಮೊದಲ ಸಾಲಿನ "ಸ್ವಸ್ತಿ" ಎಂಬುದನ್ನಷ್ಟೇ ಓದಿ, ದೊಡ್ಡ ಪಂಡಿತರಂತೆ ಹಿಗ್ಗಿ, ದೀಪಾವಳಿ ಸೂಟಿಯ ನಂತರ ಬರುವೆವೆಂದು ಹೇಳಿ ಬಂದೆವು. ಮೊಬೈಲಿನಲ್ಲಿ ಒಂದು ಚಿತ್ರವನ್ನೇನೋ ಹಿಡಿದೆವು. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಅಕ್ಷರಗಳು ಮೂಡಿರಲಿಲ್ಲ.

ಸೂಟಿಯ ನಂತರ ಹೋದಾಗ ಬಾವಿಯ ಸುತ್ತ ಹೊಸ ಸಿಮೆಂಟಿನ ಕಟ್ಟೆ ಬಂದಿತ್ತು. ಕಲ್ಲೆಲ್ಲಿ ಎಂದು ಕೇಳಿದೆವು. "ಅಡಿಪಾಯಕ್ಕ ಛಲೋ ಆತು ಅಂತ ಬುಡಕ ಹಾಕ್ಯಾರ" ಎಂದು ಒಬ್ಬ ತಾಯಿ ಸಹಜವಾಗಿ ಹೇಳಿದಳು. ಆ ಕಟ್ಟೆಯಿಂದ ಆಕೆಗೆ ಕೆಸರಿಲ್ಲದೆ ನೀರು ತುಂಬುವ ಸುಖವಾಗಿತ್ತು. ಆಕೆಯೊಡನೆ ಯಾವ ಬಾಯಿಂದ ಜಗಳಾಡಬೇಕು? ಆ ಕಲ್ಲನ್ನು ಯಾವ ಅರಸನ ಕಾಲದಲ್ಲಿ, ಯಾರು, ಯಾವ ದಾನಕ್ಕಾಗಿ ನಿಲ್ಲಿಸಿದರೆಂಬುದು ಈಗ ಯಾರಿಗೂ ತಿಳಿಯುವ ಹಾಗಿಲ್ಲ. ತಪ್ಪಿನ ಪಾಲು ನಮ್ಮದೂ ಇದೆ. ಮಾರನೆಯ ದಿನವೇ ಕಾಗದ ತಕ್ಕೊಂಡು ಹೋಗಬಹುದಾಗಿತ್ತು.

ಒಂದು ಕಲ್ಲಿಗೆ ಇಷ್ಟು ಹಲುಬುವದೇಕೆಂದು ಕೇಳುವ ಮಿತ್ರರು ಇಂಡಿಯ ಬಳಿಯ ಸಾಲೋಟಗಿಯನ್ನು ನೆನೆಯಬೇಕು. ಅಲ್ಲಿಯ ಕಂಬದ ಶಾಸನವು ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು, ಕ್ರಿ. ಶ. 945ರದು. ಆ ಅರಸನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆ ಬೇರೆ ನಾಡುಗಳಿಂದ ಓದಲು ಬಂದವರು ಇರುವದಕ್ಕೆ 27 ಮನೆಗಳು, ದೀಪದ ಎಣ್ಣೆಯ ವೆಚ್ಚಕ್ಕೆ 12 ನಿವರ್ತನ ಹೊಲ, ಕಲಿಸುವವನಿಗೆ 50 ನಿವರ್ತನ. ಇದಲ್ಲದೆ ಆ ಊರಿನ ಬ್ರಾಹ್ಮಣರ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಯಾದರೆ ಎರಡೂವರೆ ಕೊಡಬೇಕೆಂದು ಕಟ್ಟು. ಇಂದು ವಸತಿಗೃಹದಲ್ಲಿ ಜಾಗ ಸಿಗದೆ ಬಸ್ಸಿನ ಪಾಸಿನ ಮೇಲೆ ಓಡಾಡುವ ನಾವು, ಸಾವಿರ ವರ್ಷದ ಹಿಂದೆ ಇದೇ ಬರಗಾಲದ ಸೀಮೆಗೆ ಪರನಾಡಿನ ಹುಡುಗರು ಓದಲು ಬರುತ್ತಿದ್ದರೆಂಬುದನ್ನು ಹೇಗೆ ನಂಬಬೇಕು? ಆ ಒಂದು ಕಂಬ ಉಳಿದದ್ದರಿಂದ ನಂಬುತ್ತೇವೆ. ಅದೂ ಯಾವುದಾದರೊಂದು ಕಟ್ಟೆಯ ಬುಡಕ್ಕೆ ಹೋಗಿದ್ದರೆ, ಊರಿನ ಹೆಸರಿನಲ್ಲಿ ಒಂದು "ಶಾಲೆ" ಅಡಗಿದೆಯೆಂಬ ಮಾತನ್ನು ಕಟ್ಟುಕಥೆಯೆಂದು ನಕ್ಕುಬಿಡುತ್ತಿದ್ದೆವು.

ಸರಕಾರದ ಕಾಯದೆ ಇಲ್ಲವೇ? ಇದೆ. ವಿಜಾಪುರದ ಕಟ್ಟಡಗಳು ಇಂದು ನೆಟ್ಟಗೆ ನಿಂತಿರುವದು ಅದರ ಬಲದಿಂದಲೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿಯ ಹಳೆಯ ಮಹಲುಗಳು ಕಚೇರಿಗಳಾಗಿದ್ದವು. ಒಂದು ಮಸೀದೆಯಂತೂ ಪ್ರವಾಸಿ ಅಧಿಕಾರಿಗಳ ಡಾಕ್ ಬಂಗಲೆಯಾಗಿತ್ತು. ಲಾರ್ಡ್ ಕರ್ಜನ್ನನು ಅದನ್ನು ತೆರವು ಮಾಡಿಸಿದನು. ಅವನ ಉಳಿದ ಆಡಳಿತದ ಬಗ್ಗೆ ಏನೇ ಅನ್ನಲಿ, ಇದೊಂದು ಉಪಕಾರವನ್ನು ಮರೆಯಲಾಗದು. 1904ರಲ್ಲಿ ಸ್ಮಾರಕಗಳ ರಕ್ಷಣೆಯ ಕಾಯದೆಯಾಯಿತು. ಸ್ವಾತಂತ್ರ್ಯದ ನಂತರ 1958ರಲ್ಲಿ ಈಗಿನ ಕೇಂದ್ರದ ಕಾಯದೆ. ಅದರಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು ಇಡೀ ದೇಶದಲ್ಲಿ 3,600ಕ್ಕೆ ಮೇಲ್ಪಟ್ಟು. ಲಕ್ಷಗಟ್ಟಲೆ ಹಳ್ಳಿಗಳ ದೇಶಕ್ಕೆ ಇದೆಷ್ಟು? ಆ ಪಟ್ಟಿಯಲ್ಲಿ ಬಂದವುಗಳೂ ಉಳಿದೇ ತೀರುವವೆಂದಿಲ್ಲ. 2013ರಲ್ಲಿ ದೇಶದ ಮಹಾಲೆಕ್ಕ ಪರಿಶೋಧಕರು ಪರೀಕ್ಷೆ ಮಾಡಿಸಿದಾಗ 92 ರಕ್ಷಿತ ಸ್ಮಾರಕಗಳು ಇದ್ದ ಸ್ಥಳದಲ್ಲಿ ಕಾಣಸಿಗಲಿಲ್ಲ! ನಮ್ಮ ಜಿಲ್ಲೆಯಲ್ಲಿಯೇ ವಿಜಾಪುರದ ಪೂರ್ವಕ್ಕಿರುವ ಕುಮಟಗಿಯನ್ನು ನೋಡಿರಿ. ಆದಿಲಶಾಹಿ ಅರಸರು ನೀರಾಟಕ್ಕೆಂದು ಕಟ್ಟಿಸಿದ ಮಂಟಪಗಳು ಅಲ್ಲಿವೆ. ಹೆನ್ರಿ ಕಸಿನ್ಸ್ ಎಂಬ ಸಂಶೋಧಕನು ವಿಜಾಪುರದ ಕಟ್ಟಡಗಳ ಬಗ್ಗೆ 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳನ್ನು ವರ್ಣಿಸಿದ್ದಾನೆ. ಕುದುರೆಯೇರಿ ಚೆಂಡಾಡುವವರನ್ನು ಬರೆದ ಅಲ್ಲಿಯ ಗೋಡೆಯ ಚಿತ್ರಗಳು ಈಗ ಬಹುಮಟ್ಟಿಗೆ ಮಾಸಿಹೋಗಿವೆ.

ಇಂಗ್ಲಂಡಿನಲ್ಲಿ ಬೇರೆ ತರಹ ಮಾಡಿದ್ದಾರೆ. ಅಲ್ಲಿ ಪ್ಯಾರಿಶ್ ಎಂದರೆ ನಮ್ಮ ಗ್ರಾಮಪಂಚಾಯತಿಯಷ್ಟು ಸಣ್ಣ ಸರಹದ್ದು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಂದ ಹಾಳಾದದ್ದನ್ನು ಕಂಡ ಆ ಜನ, 1947ರ ಯೋಜನಾ ಕಾಯದೆಯ ತರುವಾಯ ಊರೂರಿಗೆ ತಿಳಿದವರನ್ನು ಅಟ್ಟಿ ಹಳೆಯ ಕಟ್ಟಡಗಳ ಪಟ್ಟಿ ಮಾಡಿಸಿದರು. ಅರಮನೆ, ಇಗರ್ಜಿಗಳಷ್ಟೇ ಅಲ್ಲ. ರೈತನ ಕಣಜ, ಗೋರಿಕಲ್ಲು, ಮೈಲುಗಲ್ಲು, ಕಡೆಗೆ ಬೀದಿಯ ಕೆಂಪು ಟೆಲಿಫೋನ್ ಪೆಟ್ಟಿಗೆ ಕೂಡ ಅದರಲ್ಲಿ ಸೇರಿವೆ. ಇಂದು ಆ ಪಟ್ಟಿಯಲ್ಲಿ ನಾಲ್ಕು ಲಕ್ಷದಷ್ಟು ನಮೂದುಗಳಿವೆ. ದರ್ಜೆಗಳು ಮೂರು, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕೆಳಗಿನ ದರ್ಜೆಯವೇ. ಆ ಮನೆಗಳಲ್ಲಿ ಜನ ಬಾಳುವೆ ಮಾಡುತ್ತಾರೆ, ಮಾರುತ್ತಾರೆ, ಕೊಳ್ಳುತ್ತಾರೆ. ಅದರ ಸ್ವರೂಪ ಕೆಡುವಂತೆ ಕೆಡಹುವ ಅಥವಾ ಬದಲಿಸುವ ಮೊದಲು ಕೇಳಬೇಕು, ಅಷ್ಟೇ. ಕಿಟಕಿ ಬದಲಿಸಲಿಕ್ಕೂ ಅಪ್ಪಣೆ ಬೇಕೇ ಎಂದು ಅಲ್ಲಿಯ ಮನೆಯೊಡೆಯರು ಗೊಣಗುವದುಂಟು. ಗೊಣಗಲಿ, ಮನೆಯಂತೂ ಉಳಿದಿದೆ.

ನಮ್ಮಲ್ಲಿ ನಡುವಿನ ದರ್ಜೆಯೇ ಇಲ್ಲ. ಒಂದು ಕಟ್ಟಡ ಒಂದೋ ಗೋಳಗುಮ್ಮಟದ ಸಾಲಿನದು, ಇಲ್ಲವೇ ಯಾರಿಗೂ ಬೇಡದ್ದು. 2010ರಲ್ಲಿ ಕೇಂದ್ರದ ಕಾಯದೆಗೆ ಮಾಡಿದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದನ್ನು ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರಿನಲ್ಲಿ ಕಟ್ಟಬೇಕಾದರೆ ಅಪ್ಪಣೆ ಬೇಕು. ಗೋಳಗುಮ್ಮಟಕ್ಕೆ ಇದು ತಕ್ಕದ್ದೇ. ಆದರೆ ಹಳ್ಳಿಯಲ್ಲಿ ಗುಡಿಯ ಸುತ್ತಲೇ ಊರು. 100 ಮೀಟರೆಂದರೆ ಅರ್ಧ ಊರೇ ಬಂತು. ಹೀಗಾಗಿ ಹೊಲದಲ್ಲಿ ಶಾಸನ ಸಿಕ್ಕರೆ ರೈತ ಬಾಯಿ ಬಿಡುವದಿಲ್ಲ. ಇಲಾಖೆಯವರು ಬಂದು ಫಲಕ ನೆಟ್ಟರೆ ಮಗನ ಮದುವೆಗೆಂದು ಕಟ್ಟಬೇಕಾದ ಕೋಣೆ ನಿಂತೀತೆಂಬ ಭಯ. ಪಟ್ಟಿಗೆ ಸೇರದಂತೆ ಕಲ್ಲನ್ನು ಅಡಗಿಸುವದೇ ಜಾಣತನವೆಂದು ಅವನು ತಿಳಿದರೆ ನಾನು ಅವನನ್ನು ಮೂಢನೆನ್ನಲಾರೆ. ಉಳಿಸಬೇಕೆಂದು ಮಾಡಿದ ನಿಯಮವೇ ಹೀಗೆ ಅಳಿಸುವ ಕೆಲಸಕ್ಕೆ ನೆರವಾಗುವದು.

ಇನ್ನು ಜೀರ್ಣೋದ್ಧಾರದ ಮಾತು. ನಾಲ್ಕು ದುಡ್ಡು ಕೂಡಿತೆಂದರೆ ಕರಿಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್, ನೆಲಕ್ಕೆ ಟಾಯಿಲ್ಸ್, ಶಿಖರದ ಮೇಲೆ ಸಿಮೆಂಟು. ಹಿಂದಿನವರು ಸುಣ್ಣ, ಮರಳುಗಳನ್ನು ಗಾಣದಲ್ಲಿ ಅರೆದು ಗಚ್ಚು ಮಾಡುತ್ತಿದ್ದರು. ಆ ಗಚ್ಚು ಕಲ್ಲಿನ ಸಂದಿಯ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವದಿಲ್ಲ, ಒಳಗಿನ ನೀರು ಒಳಗೇ ಉಳಿದು, ಸಂದಿಯನ್ನು ಸಡಿಲಿಸಿ, ಕಲ್ಲಿನ ಮೈಯನ್ನು ತಿನ್ನುತ್ತದೆ. ಇದನ್ನೆಲ್ಲ ಒಂದು ಗುಡಿಯ ಕಟ್ಟೆಯ ಮೇಲೆ ಕೂತು ನಾನು ವಿವರಿಸುತ್ತಿದ್ದಾಗ ಒಬ್ಬ ಮುತ್ಯಾ ನನ್ನನ್ನು ತಡೆದು ಕೇಳಿದ:

"ಎಲ್ಲಾ ಖರೆ ತಮ್ಮಾ. ದೇವರನ್ನ ಸೋರೂ ಗುಡ್ಯಾಗ ಕುಂಡ್ರಿಸಿ ನಾವು ಸ್ಲ್ಯಾಬಿನ ಮನ್ಯಾಗ ಮಲಗಬೇಕೇನು?"

"ಹಂಗಲ್ಲ ಮುತ್ಯಾ, ಸೋರೂದು ನಿಲ್ಲಸ್ರಿ. ಸುಣ್ಣದಿಂದ ನಿಲ್ಲಸ್ರಿ."

"ಸುಣ್ಣದ ಗಚ್ಚು ಹಾಕವರು ಈಗ ಎಲ್ಲಿ ಅದಾರ? ನೀ ಕರಕೊಂಡು ಬಾ. ರೊಕ್ಕಾ ನಾ ಕೊಡತೀನಿ."

ನನಗೆ ಉತ್ತರ ಹೊಳೆಯಲಿಲ್ಲ. ಆ ಮುದುಕನಿಗೆ ಗುಡಿಯ ಮೇಲಿದ್ದ ಪ್ರೀತಿ ನನ್ನದಕ್ಕಿಂತ ಹೆಚ್ಚಿನದೇ ಆಗಿತ್ತು. ಅವನಿಗೆ ಬೇಕಾದದ್ದು ಉಪದೇಶವಲ್ಲ, ಗಚ್ಚಿನ ಕೆಲಸ ಬಲ್ಲ ಒಬ್ಬ ಗೌಂಡಿ. ಅಂಥವನ ವಿಳಾಸ ಪಂಚಾಯತಿಯಲ್ಲಿ ಸಿಗುವಂತಿದ್ದರೆ ಎಷ್ಟೋ ಗುಡಿಗಳು ಬದುಕಿಯಾವು.

ಆದುದರಿಂದ ನನ್ನ ಅಭಿಪ್ರಾಯ ಹೀಗಿದೆ. ಹಳ್ಳಿಯ ಹಳೆಯ ಕಟ್ಟಡಗಳಿಗೆ ಕೆಳಗಿನದೊಂದು ದರ್ಜೆ ಬೇಕು. ಅದು ಗ್ರಾಮಪಂಚಾಯತಿಯ ದಫ್ತರದಲ್ಲಿಯೇ ಇರಲಿ. ಅದರಲ್ಲಿ ಬರೆದ ಅಗಸಿಗೆ ತಂತಿಬೇಲಿ ಬೇಡ, ಗುಡಿಯ ಪೂಜೆ ನಿಲ್ಲುವದು ಬೇಡ, ನೆರೆಯವನ ಮನೆಗೆ ಅಡ್ಡಿ ಬೇಡ. ಕೆಡಹುವ ಮೊದಲು, ಹೂಳುವ ಮೊದಲು, ಬಣ್ಣ ಬಳಿಯುವ ಮೊದಲು ಗ್ರಾಮಸಭೆಯಲ್ಲಿ ಒಂದು ಸಲ ಕೇಳಬೇಕು. ಶಾಸನವಿದ್ದರೆ ಅದರ ಅಚ್ಚು ತೆಗೆಯುವ ತನಕ ತಡೆಯಬೇಕು. ಇಷ್ಟಿದ್ದಿದ್ದರೆ ನಮ್ಮ ಬಾವಿಯ ಕಲ್ಲು ನಾಲ್ಕು ಮಾರು ಆಚೆಗೆ ಸರಿಯುತ್ತಿತ್ತು. ಆ ತಾಯಿಗೆ ಕಟ್ಟೆಯೂ ಸಿಗುತ್ತಿತ್ತು. ಗ್ರಾಮಸಭೆಗೆ ಯಾರು ಬರುತ್ತಾರೆ, ಬಂದರೂ ಮಾತು ಗುತ್ತಿಗೆದಾರನದೇ ನಡೆಯುವದಲ್ಲವೇ ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಆದರೂ ಕೇಳಿ ಕಳೆದುಕೊಳ್ಳುವದಕ್ಕೂ ಗೊತ್ತಿಲ್ಲದೆ ಕಳೆದುಕೊಳ್ಳುವದಕ್ಕೂ ಅಂತರವಿದೆ.

ಪಟ್ಟಿಯನ್ನು ಬರೆಯುವವರು ಯಾರು? ಹಳೆಯ ಕಟ್ಟಡಗಳನ್ನೂ ವಸ್ತುಗಳನ್ನೂ ದಾಖಲಿಸಲೆಂದು ಕೇಂದ್ರ ಸರಕಾರ 2007ರಲ್ಲಿಯೇ ಒಂದು ರಾಷ್ಟ್ರೀಯ ಯೋಜನೆ ಹೂಡಿತು. ಅದು ಪ್ರತಿಯೊಂದು ಹಳ್ಳಿಯ ಅಗಸಿಯನ್ನು ಮುಟ್ಟುವ ತನಕ ಕಾಯ್ದರೆ ಅಗಸಿ ಉಳಿದಿರಲಿಕ್ಕಿಲ್ಲ. ಇದೇ ಝಳಕಿಯ ಆಸುಪಾಸಿನ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹೆಂಗಸರ ಬಾಯಲ್ಲಿದ್ದ ಬೀಸುವ ಹಾಡುಗಳನ್ನು ಬರೆದುಕೊಂಡು 1931ರಲ್ಲಿ "ಗರತಿಯ ಹಾಡು" ಎಂದು ಅಚ್ಚು ಹಾಕಿಸಿದರು. ಅದಕ್ಕೆ ಅವರು ಯಾವ ಇಲಾಖೆಯ ಅಪ್ಪಣೆಗೂ ಕಾಯಲಿಲ್ಲ. ಇಂದು ಬೀಸುವ ಕಲ್ಲೂ ಹೋಗಿದೆ, ಆ ಹಾಡು ಹೇಳುವವರೂ ವಿರಳ, ಪುಸ್ತಕವಿದೆ.

ನಮ್ಮ ವರ್ಗದ ಐದು ಜನ ಸೇರಿ ಇನ್ನೂರು ಹಾಳೆಯ ಒಂದು ನೋಟುಬುಕ್ಕು ಕೊಂಡಿದ್ದೇವೆ. ಊರಿಗೊಂದು ಪುಟ, ಕಟ್ಟಡದ ಹೆಸರು, ಇರುವ ಸ್ಥಳ, ಅಳತೆ, ಜನ ಅದರ ಬಗ್ಗೆ ಹೇಳುವ ಕತೆ, ಇಂದಿನ ಸ್ಥಿತಿ. ಚಿತ್ರವನ್ನು ಮುಂಜಾನೆಯ ಓರೆ ಬಿಸಿಲಿನಲ್ಲಿಯೇ ತೆಗೆಯಬೇಕೆಂದು ಮೊದಲ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡಿದ್ದೇವೆ. ಇಲ್ಲಿಯ ವರೆಗೆ ನಾಲ್ಕು ಊರು ಮುಗಿದಿವೆ. ಐದನೆಯ ಊರಲ್ಲಿ ಹನುಮಂತ ದೇವರ ಗುಡಿಯ ಮುಂದೆ ಮರಳು, ಖಡಿ ಬಂದು ಬಿದ್ದಿವೆಯೆಂದು ಅಲ್ಲಿಯ ಸಹಪಾಠಿ ಹೇಳಿ ಕಳಿಸಿದ್ದಾನೆ. ಗುಡಿಯ ಹಿಂದೆ ಎರಡು ಬರೆದ ಕಲ್ಲುಗಳಿವೆಯಂತೆ. ಭಾನುವಾರದ ತನಕ ತಡೆಯುವದು ಬೇಡವೆಂದು ಗೊತ್ತುಮಾಡಿದ್ದೇವೆ. ಕಾಗದ, ಮಸಿ ಎರಡೂ ಸಿದ್ಧವಾಗಿವೆ. ನಾಳೆ ಮೊದಲನೆಯ ಬಸ್ಸು ಆರು ಗಂಟೆಗೆ.