ಗದ್ದದ ಕೂದಲು ಏನು ಹೇಳುತ್ತದೆ?

ಅಕ್ಕಿಆಲೂರು, ಹಾನಗಲ್ಲ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳ ಮುಖಕ್ಕೆ ಅರಿಸಿನ ಹಚ್ಚುವುದು ಹಳೆಯ ರೂಢಿ. ಮುಖದಲ್ಲಿ ಕೂದಲು ಬೆಳೆಯದಿರಲಿ ಎಂಬುದು ಹಿರಿಯರ ಆಸೆ. ಆದರೂ ಹದಿನಾಲ್ಕು, ಹದಿನೈದರ ಹೊತ್ತಿಗೆ ಕೆಲವರ ಮೇಲ್ದುಟಿಯ ಮೇಲೆ, ಗದ್ದದಲ್ಲಿ ಕಪ್ಪು ಕೂದಲು ಕಾಣಿಸುತ್ತದೆ. ‘ಗಂಡುಲಕ್ಷಣ’, ‘ವರ ಸಿಗುವುದು ಕಷ್ಟ’ ಎಂಬ ಪಿಸುಮಾತು ಶುರುವಾಗುತ್ತದೆ. ಹುಡುಗಿ ಓಢಣಿಯಲ್ಲಿ ಮುಖ ಮರೆಸಿಕೊಳ್ಳುತ್ತಾಳೆ. ಇದು ನಿಜಕ್ಕೂ ಅವಲಕ್ಷಣವೇ?

ಅಲ್ಲ. ಅಂಗೈ, ಅಂಗಾಲು, ತುಟಿಗಳನ್ನು ಬಿಟ್ಟರೆ ನಮ್ಮ ಮೈಯಲ್ಲೆಲ್ಲ ಕೇಶಕೂಪಗಳಿವೆ. ಸುಮಾರು 50 ಲಕ್ಷ! ಹೆಣ್ಣಿನ ಗದ್ದದಲ್ಲಿಯೂ ಇವೆ. ಅಲ್ಲಿ ಬೆಳೆಯುವುದು ಕಣ್ಣಿಗೆ ಕಾಣದ ನವಿರು ಕೂದಲು. ಟೆಸ್ಟೊಸ್ಟೀರೋನ್ ಎಂಬ ಹಾರ್ಮೋನು ಗಂಡಿನ ಸ್ವತ್ತಲ್ಲ. ಹೆಣ್ಣಿನ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳೂ ಅದನ್ನು ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ. ಅದು ಹೆಚ್ಚಾದರೆ, ಇಲ್ಲವೇ ಕೇಶಕೂಪಗಳು ಅದಕ್ಕೆ ಬೇಗ ಸ್ಪಂದಿಸಿದರೆ, ನವಿರು ಕೂದಲು ದಪ್ಪಗೆ, ಕಪ್ಪಗೆ ಬೆಳೆಯುತ್ತದೆ. ತಾಯಿಗೆ, ಅಜ್ಜಿಗೆ ಹೀಗೇ ಇದ್ದು, ಮುಟ್ಟು ಕ್ರಮವಾಗಿದ್ದರೆ, ಅದು ಬಹುಮಟ್ಟಿಗೆ ವಂಶದ ಗುಣ, ರೋಗವಲ್ಲ.

ಕೂದಲಿನ ಜೊತೆಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದೆಯೇ? ಮೊಡವೆ ಹೆಚ್ಚಿದೆಯೇ? ಕುತ್ತಿಗೆಯ ಹಿಂಭಾಗ ಕಪ್ಪಾಗಿದೆಯೇ? ಆಗ ಪಿಸಿಓಎಸ್ ಇರಬಹುದು. 1935ರಲ್ಲಿ ಷಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ವರ್ಣಿಸಿದ ತೊಂದರೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇದೆ. ಬಹುಪಾಲು ಮಂದಿಗೆ ಅದು ಗೊತ್ತೇ ಇಲ್ಲ. ಅಲಕ್ಷಿಸಿದರೆ ಮುಂದೆ ಸಕ್ಕರೆ ಕಾಯಿಲೆ ಬರಬಹುದು, ಗರ್ಭ ಧರಿಸುವುದು ಕಷ್ಟವಾಗಬಹುದು. ಕೆಲವೇ ತಿಂಗಳಲ್ಲಿ ಕೂದಲು ಒಮ್ಮೆಲೇ ಹೆಚ್ಚಿ ಧ್ವನಿಯೂ ಗಡುಸಾದರೆ ತಡಮಾಡಬಾರದು. ಅಪರೂಪಕ್ಕೆ ಗ್ರಂಥಿಯ ಗಡ್ಡೆ ಅದಕ್ಕೆ ಕಾರಣವಾಗಿರುತ್ತದೆ.

ಇನ್ನೊಂದು ಕಾರಣ ಅಂಗಡಿಯಲ್ಲಿಯೇ ಇದೆ. ಬಣ್ಣ ಬೆಳ್ಳಗಾಗಲೆಂದು ವೈದ್ಯರನ್ನು ಕೇಳದೆ ಹಚ್ಚುವ ಕೆಲವು ಕ್ರೀಮುಗಳಲ್ಲಿ ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೂದಲು ಬೆಳೆಯುತ್ತದೆ. ಇಂಥ ಹಲವು ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು.

ಅರಿಸಿನ ಹಚ್ಚಿದರೆ ಹಾರ್ಮೋನು ತಗ್ಗದು. ಹಾಗೆಯೇ, ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಇದನ್ನು 1928ರಲ್ಲಿಯೇ ಪರೀಕ್ಷಿಸಿ ತೋರಿಸಿದರು.

ತಾಯಂದಿರು ಮಗಳ ಗದ್ದ ನೋಡಿ ನಿಟ್ಟುಸಿರು ಬಿಡುವ ಮೊದಲು ಅವಳ ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಏರುಪೇರು ಕಂಡರೆ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಆ ಕ್ಯಾಲೆಂಡರನ್ನೇ ತೋರಿಸಲಿ. ತಂದೆಯಂದಿರೂ ಇದನ್ನು ಹೆಂಗಸರ ವಿಷಯವೆಂದು ಬದಿಗಿಡದೆ ಬಸ್ಸಿನ ಖರ್ಚಿಗೆ, ಔಷಧಕ್ಕೆ ಕೈ ಬಿಚ್ಚಲಿ. ಇನ್ನು, ತರಗತಿಯಲ್ಲಿ ‘ಮೀಸೆ’ ಎಂದು ನಗುವ ಹುಡುಗರೇ, ನಿಮಗೆ ಮೀಸೆ ಬರಿಸಿದ ಹಾರ್ಮೋನೇ ಅವಳ ಮೈಯಲ್ಲಿಯೂ ಇದೆ. ಅದರಲ್ಲಿ ನಗುವಂಥದ್ದೇನೂ ಇಲ್ಲ.