ಕಣ್ಣಿನ ಸಾಕ್ಷಿ, ಮಾತಿನ ಸಾಕ್ಷಿ

ಮುಖವು ಮನಸ್ಸಿನ ಕನ್ನಡಿ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಕಣ್ಣು ಮಿದುಳಿನ ಕಿಟಕಿ ಎಂಬ ಮಾತನ್ನು ಈಗ ವೈದ್ಯರು ರೂಢಿಗೆ ತಂದಿದ್ದಾರೆ. ಮೊದಲನೆಯದು ಅಲಂಕಾರ, ಎರಡನೆಯದನ್ನು ಅಲಂಕಾರವೆಂದಷ್ಟೇ ತಳ್ಳಿಹಾಕುವಂತಿಲ್ಲ. ಶಿಶುವು ಗರ್ಭದಲ್ಲಿ ಬೆಳೆಯುವಾಗ ಮಿದುಳಿನ ಭಾಗವೇ ಹೊರಚಾಚಿ ಕಣ್ಣಿನ ಅಕ್ಷಿಪಟಲವಾಗುತ್ತದೆ. ಆದುದರಿಂದ ಅದನ್ನು ಕಿಟಕಿ ಎನ್ನುವುದಕ್ಕಿಂತ ಅದೇ ಮನೆಯ ಜಗುಲಿ ಎಂದರೆ ಹೆಚ್ಚು ಸರಿಯಾದೀತೆಂದು ನನಗೆ ತೋರುತ್ತದೆ. ಒಳಮನೆಯ ಕೇಡು ಜಗುಲಿಗೂ ತಟ್ಟುತ್ತದೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಮಿದುಳು, ಬೆನ್ನುಹುರಿ, ದೃಷ್ಟಿನರಗಳ ತಂತುಗಳನ್ನು ಹೊದ್ದಿರುವ ಮೈಲಿನ್ ಎಂಬ ಕವಚವನ್ನು ಕೆಡಿಸುವುದು ಇದರ ಲಕ್ಷಣ. ಇಪ್ಪತ್ತರಿಂದ ನಲವತ್ತರೊಳಗಿನ ಪ್ರಾಯದವರನ್ನು, ಅವರಲ್ಲಿಯೂ ಸ್ತ್ರೀಯರನ್ನು, ಇದು ಹೆಚ್ಚಾಗಿ ಹಿಡಿಯುತ್ತದೆ. ಅಕ್ಷಿಪಟಲದ ನರತಂತುಗಳಿಗಾದರೋ ಸಾಮಾನ್ಯವಾಗಿ ಆ ಕವಚವೇ ಇಲ್ಲ. ಹಿಂದಿನ ದೃಷ್ಟಿನರಕ್ಕೆ ಪೆಟ್ಟುಬಿದ್ದಾಗ ಮುಂದಿನ ಈ ಬತ್ತಲೆ ತಂತುಗಳು ಸೊರಗುತ್ತವೆ. ಅವುಗಳ ಪದರ ತೆಳುವಾಗುತ್ತದೆ. ಆರೋಗ್ಯವಂತರಲ್ಲಿಯೂ ಅದರ ದಪ್ಪ ಸುಮಾರು 100 ಮೈಕ್ರಾನ್, ಎಂದರೆ ಒಂದು ಕಾಗದದ ಹಾಳೆಯಷ್ಟು ಮಾತ್ರ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಎಂಬ ವಿಧಾನವು ಅವಕೆಂಪು ಬೆಳಕಿನ ಪ್ರತಿಫಲನದಿಂದ ಈ ಹಾಳೆಯನ್ನು ಅಳೆಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಈ ರೋಗವನ್ನು ನಿರ್ಣಯಿಸುವ ಅಂತರರಾಷ್ಟ್ರೀಯ ಸೂತ್ರಗಳ 2025ರಲ್ಲಿ ಪ್ರಕಟವಾದ ಪರಿಷ್ಕರಣದಲ್ಲಿ ದೃಷ್ಟಿನರಕ್ಕೂ ಸ್ಥಾನ ದೊರೆತಿದೆ.

ಇದು ಸಂತೋಷದ ಸಂಗತಿ. ಆದರೆ ಚಿತ್ರ ಬಂದಿತೆಂದು ಮಾತು ಬೇಡವಾಯಿತೆಂದು ಬಗೆಯಬಹುದೇ? ಸಾಹಿತ್ಯದ ವಿದ್ಯಾರ್ಥಿಯಾಗಿ ನನಗಿರುವ ಶಂಕೆ ಇದೇ.

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆ ಎಂಬಾತ ಒಂದು ದಿನಚರಿಯನ್ನು ಬಿಟ್ಟುಹೋಗಿದ್ದಾನೆ. 1822ರ ಡಿಸೆಂಬರಿನಲ್ಲಿ, ಬಂಧುವೊಬ್ಬನ ಶವಸಂಸ್ಕಾರದ ತರುವಾಯ, ಅವನ ಕಣ್ಣು ಮಂಜಾಯಿತು. ತನಗೆ ಬಂದ ಕಾಗದಗಳನ್ನು ಇತರರಿಂದ ಓದಿಸಿಕೊಳ್ಳಬೇಕಾಯಿತು. ಕೆಲದಿನಗಳಲ್ಲಿ ದೃಷ್ಟಿ ತಾನಾಗಿಯೇ ಮರಳಿತು. ವರ್ಷಗಳ ಮೇಲೆ ಕಾಲಿನ ಬಲ ಕುಂದುತ್ತ ಬಂದಿತು; 1848ರಲ್ಲಿ ತೀರಿಕೊಂಡನು. ಪ್ಯಾರಿಸಿನ ಶಾರ್ಕೋ ಈ ರೋಗವನ್ನು ವಿಶದವಾಗಿ ವಿವರಿಸಿದ್ದು 1868ರಲ್ಲಿ. ರೋಗಕ್ಕೆ ಹೆಸರು ಹುಟ್ಟುವ ಮೊದಲೇ ರೋಗಿಯೊಬ್ಬನು ಅದನ್ನು ತನ್ನ ಮಾತಿನಲ್ಲಿ ಬರೆದಿಟ್ಟಿದ್ದನು.

ಅಂದು ಯಂತ್ರವಿದ್ದಿದ್ದರೆ, ದೃಷ್ಟಿ ಮರಳಿದ ಮೇಲೆಯೂ ಆ ಕಣ್ಣಿನ ಪದರದಲ್ಲಿ ಬಹುಶಃ ಸವಕಳಿ ಕಾಣಿಸುತ್ತಿತ್ತು. ಮನುಷ್ಯ ಮರೆತುದನ್ನು ಕಣ್ಣು ನೆನಪಿಡುತ್ತದೆ. ಯಂತ್ರದ ಹಿರಿಮೆ ಇಲ್ಲಿದೆ. ಆದರೆ ಪದರ ಸವೆದಿದೆಯೆಂಬ ಅಂಕಿಯೊಂದೇ ಏನು ಹೇಳಬಲ್ಲುದು? ಗ್ಲಾಕೋಮಾದಿಂದಲೂ ಅದು ಸವೆಯುತ್ತದೆ. ದೃಷ್ಟಿನರಕ್ಕೆ ತಗಲುವ ಬೇರೆ ರೋಗಗಳಿಂದಲೂ ಸವೆಯುತ್ತದೆ. ಯಾವ ಕಣ್ಣು, ಎಂದು, ಹೇಗೆ ಮಂಜಾಯಿತು, ಮುಂದೇನಾಯಿತು ಎಂಬ ಕಥನವಿಲ್ಲದೆ ಅಂಕಿ ಮೂಕ. ಕಥನಕ್ಕೆ ಅಂಕಿ ಸಾಕ್ಷಿ. ಅಂಕಿಗೆ ಕಥನ ಅರ್ಥ. ಇವೆರಡರ ಜೊತೆಗೆ ಮಿದುಳಿನ ಚಿತ್ರವೂ ಇತರ ಪರೀಕ್ಷೆಗಳೂ ಸೇರಿದಾಗಲೇ ನಿರ್ಣಯ.

ನಮ್ಮ ನಗರಗಳ ಅನೇಕ ಕಣ್ಣಾಸ್ಪತ್ರೆಗಳಲ್ಲಿ ಗ್ಲಾಕೋಮಾಕ್ಕಾಗಿ, ಸಕ್ಕರೆ ರೋಗದವರಿಗಾಗಿ ಈ ಯಂತ್ರ ಈಗಾಗಲೇ ಇದೆ. ಕೊರತೆ ಇರುವುದು ವಿಚಾರಿಸುವ ವ್ಯವಧಾನಕ್ಕೆ. ತನ್ನ ಸಂಕಟವನ್ನು ಕನ್ನಡದಲ್ಲಿ ಮಾತ್ರ ಹೇಳಬಲ್ಲ ಹೆಣ್ಣುಮಗಳು ‘ಕಣ್ಣು ಮಂಜಾಗಿತ್ತು, ಹೋಯಿತು’ ಎಂದರೆ, ಆ ‘ಹೋಯಿತು’ ಎಂಬ ಮಾತಿಗೇ ವಿಚಾರಣೆ ಮುಗಿಯಬಾರದು. ಅಲ್ಲಿಂದಲೇ ಅದು ಮೊದಲಾಗಬೇಕು.

ಅಧ್ಯಾಪಕರಿಗೂ ಇದರಲ್ಲಿ ಪಾಲಿದೆ. ಒಂದೇ ಕಣ್ಣು ದಿನದಿನಕ್ಕೆ ಮಬ್ಬಾಗುತ್ತಿದೆ, ಕಣ್ಣು ಹೊರಳಿಸಿದರೆ ನೋಯುತ್ತದೆ, ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ ಎಂದು ವಿದ್ಯಾರ್ಥಿಯೊಬ್ಬನು ಹೇಳಿದರೆ, ಓದಿನ ಶ್ರಮವೆಂದೋ ಕನ್ನಡಕದ ದೋಷವೆಂದೋ ಸಮಾಧಾನ ಹೇಳಿ ಕಳುಹಿಸಕೂಡದು. ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು. ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ಅದರ ಹಾವಳಿಯನ್ನು ತಗ್ಗಿಸುವ ಔಷಧಗಳಿವೆ, ಬೇಗ ಆರಂಭಿಸಿದಷ್ಟೂ ಅವುಗಳಿಂದ ಪ್ರಯೋಜನ ಹೆಚ್ಚು. ಯಂತ್ರವು ಪದರವನ್ನು ಅಳೆಯಲಿ. ಮಾತನ್ನು ಆಲಿಸುವ ಹೊಣೆ ಮನುಷ್ಯರದು.