ಬೋಳುತಲೆ ನೋಡಿ ನಗೋರಿಗೆ

ಭಜನೆ ಗುಂಪಿನ ನಾವು ನಾಲ್ವರು ಕುಂತು ‘ಒಂದು ಮೊಟ್ಟೆಯ ಕಥೆ’ ನೋಡಿದೆವು. 2017ರ ಸಿನಿಮಾ. ರಾಜ್ ಬಿ. ಶೆಟ್ಟಿಯವರೇ ನಿರ್ದೇಶಿಸಿ, ಮಂಗಳೂರಿನ ಬೋಳುತಲೆ ಕನ್ನಡ ಮೇಷ್ಟ್ರು ಜನಾರ್ದನ ಆಗವ್ರೆ. ಮೇಷ್ಟ್ರಿಗೆ ಇಪ್ಪತ್ತೆಂಟು, ಹೆಣ್ಣು ಸಿಕ್ಕಲ್ಲ. ರಾಜಣ್ಣನ ಭಕ್ತ ಬೇರೆ. (ರಾಜಣ್ಣನ ಗಾಜನೂರೂ ನಮ್ಮ ತಮಿಳುನಾಡಲ್ಲೇ ಐತೆ, ಮರೀಬೇಡಿ.)

ನಾನೂ ನಕ್ಕೆ. ಆದರೆ ಮುಗಿದ ಮೇಲೆ ಗೆಳೆಯರು, “ಇವನೊಬ್ಬ ಹೀರೋನಾ? ಆ ದಪ್ಪ ಹುಡುಗಿ ಹೀರೋಯಿನ್ನಾ?” ಅಂದರು. ಅಲ್ರಪ್ಪಾ, ನಮ್ಮ ನಾಲ್ವರಲ್ಲಿ ತಲೆತುಂಬ ಕೂದಲು ಯಾರಿಗೈತೆ? ಬೋಳ ಅಂತ ಎಲ್ಲರ ಕೈಲೂ ಬೇಡ ಅನ್ನಿಸಿಕೊಂಡ ಆ ಮೇಷ್ಟ್ರೇ ಸರಳಾನ ನೋಡಿ, ದಪ್ಪ ಅಂತ ಮುಖ ಸಣ್ಣ ಮಾಡ್ತಾನೆ. ಅದು ಯಾರ ಕಥೆ? ನಮ್ಮದೇ.

ಸೋಬಾನೆಯಲ್ಲಿ ಎಂಥ ಗಂಡನ್ನೂ ಚಂದ್ರ ಅಂತ ಹಾಡಿ ತಾಂಬೂಲ ಈಸಿಕೊಂಡೋನು ನಾನು. ಅದೇ ನಾನು ಮಗನಿಗೆ ಹೆಣ್ಣು ನೋಡೋಕೆ ಹೋದಾಗ, ಹುಡುಗಿ ಕಪ್ಪು ಅಂತ ಉಪ್ಪಿಟ್ಟು ತಿಂದು ಎದ್ದು ಬಂದೆ. ಈಗ “ಬೇಸಾಯದೋನಿಗೆ ಹೆಣ್ಣು ಕೊಡಲ್ಲ” ಅಂತಾರೆ. ಮಗನಿಗೆ ಮೂವತ್ತನಾಲ್ಕು ತುಂಬೈತೆ.

ಆ ಹುಡುಗಿ ಹೊಸೂರಲ್ಲಿ ಕೆಲಸಕ್ಕೆ ಹೋಗ್ತಾಳೆ, ಎರಡು ಮಕ್ಕಳ ತಾಯಿ. ಬಾಗಲೂರು ಬಸ್ಸಲ್ಲಿ ಕಂಡರೆ “ಚೆನ್ನಾಗಿದ್ದೀರಾ ಮಾವ” ಅಂತ ಅವಳೇ ಮಾತಾಡಿಸ್ತಾಳೆ. ನಾನು ಕಿಟಕಿ ಕಡೆ ತಿರುಕ್ಕೋತೀನಿ.